ಹೊಟ್ಟೆಯ ಫೋಟೋ

ನನ್ನ ಮಗಳ ಹೊಟ್ಟೆಯ ಫೋಟೋ ತೆಗೆಸಬೇಕೆಂದು ಗದಗಿನ ಡಾಕ್ಟರು ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ಖರೆ ಮಾತಾಡುವವರೆಲ್ಲ ಊರು ಬಿಟ್ಟು ಹೋದರು. ಉಳಿದವರೆಲ್ಲ ಸಮಾಧಾನ ಹೇಳುವವರು. ಸಮಾಧಾನ ಹೇಳುವುದಕ್ಕೆ ಖರ್ಚಿಲ್ಲ, ಕಲಿಯಬೇಕಾದ್ದಿಲ್ಲ, ತಪ್ಪಿದರೆ ಕೇಳುವವರಿಲ್ಲ. ಹಾಗಾಗಿ ಆ ಉದ್ಯೋಗಕ್ಕೆ ನಮ್ಮ ಕಡೆ ಮಂದಿ ಯಾವತ್ತೂ ಕಡಿಮೆಯಾಗಿಲ್ಲ.

ಎಪ್ಪತ್ತರ ದಶಕ ಮುಗಿಯಲು ಬಂದಿತ್ತು. ನಾವು ಲಕ್ಷ್ಮೇಶ್ವರದಲ್ಲಿದ್ದೆವು. ನಮ್ಮ ಮನೆಯವರು ಹತ್ತಿ ಜಿನ್ನಿನಲ್ಲಿ ಗುಮಾಸ್ತರು. ಮಗಳಿಗೆ ಏಳು ವರ್ಷ. ಒಂದು ದಿನ ನೀರು ಎರೆಯುವಾಗ ಅವಳ ಹೊಟ್ಟೆಯ ಎಡಗಡೆ ನನ್ನ ಕೈಗೆ ಗಟ್ಟಿಯಾದ ಗಂಟೊಂದು ಹತ್ತಿತು. ಅತ್ತೆಯವರಿಗೆ ತೋರಿಸಿದೆ. "ವಾಯು ಐತಿ" ಎಂದರು. ನಮ್ಮ ಅತ್ತೆಯವರ ಪ್ರಕಾರ ಮನುಷ್ಯರಿಗೆ ಬರುವುದು ಎರಡೇ ರೋಗ, ಒಂದು ವಾಯು, ಇನ್ನೊಂದು ದೃಷ್ಟಿ. ಇಂಗು ಹಚ್ಚಿದರು. ದೃಷ್ಟಿಯನ್ನೂ ತೆಗೆದರು, ಯಾವುದಕ್ಕೂ ಇರಲಿ ಅಂತ. ಶಿರಹಟ್ಟಿಯ ಪಂಡಿತರೊಬ್ಬರು ಪುಡಿ ಕೊಟ್ಟರು. ಮುಂಡರಗಿಯ ನನ್ನ ತವರಿನವರು ಕೊರಳಿಗೊಂದು ದಾರ ಕಳಿಸಿದರು. ಪಕ್ಕದ ಮನೆಯ ಹೊಲಿಗೆಯವರ ಹೆಂಡತಿ ದರ್ಗಾದಿಂದ ತಾಯಿತ ತಂದು ರಟ್ಟೆಗೆ ಕಟ್ಟಿದಳು. ಗಂಟು ಇದನ್ನೆಲ್ಲ ನೋಡುತ್ತ ಆರಾಮಾಗಿ ಬೆಳೆಯಿತು. ಒಂದು ದಿನ ಮೂತ್ರ ಕೆಂಪಾಗಿ ಹೋಯಿತು. ವಾಯುವಿಗೆ ಬಣ್ಣ ಇರುವುದಿಲ್ಲ ಎಂಬುದು ಅತ್ತೆಯವರಿಗೂ ಗೊತ್ತಿತ್ತು. ಅವತ್ತೇ ಬಸ್ಸು ಹತ್ತಲು ಒಪ್ಪಿದರು. ಅದೂ ಶಿವನ ದಯೆಯೇ.

ಗದಗಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಮಗಳನ್ನು ಹೊರಗೆ ಕಳಿಸಿ, ನಮ್ಮಿಬ್ಬರಿಗೆ ಹೇಳಿದರು.

"ಎಡಗಡಿ ಮೂತ್ರಪಿಂಡದ ಮ್ಯಾಲೆ ಗಂಟೈತಿ ಅಂತ ಕಾಣತೈತಿ. ಕೊಯ್ದು ತಗೀಬೇಕು. ಅದನ್ನ ತಗದ ಮ್ಯಾಲೆ ಬಲಗಡೀದು ಒಂದ ಉಳೀತೈತಿ. ಅದು ಚಲೋ ಕೆಲಸ ಮಾಡ್ತೈತಿ ಅಂತ ಖಾತ್ರಿ ಆಗೋತನಕ ಹುಬ್ಬಳ್ಳಿ ದವಾಖಾನಿಯವರು ಚಾಕು ಹಿಡಿಯಂಗಿಲ್ಲ. ಅದಕ್ಕ ರಕ್ತದಾಗ ಬಣ್ಣದ ಔಷಧ ಬಿಟ್ಟು ಫೋಟೋ ತಗೀತಾರ. ಹುಡುಗಿ ಅಲಗಾಡದ ಮಲಗಬೇಕು. ಅಲಗಾಡಿದ್ರ ಏನೂ ತಿಳಿಯಂಗಿಲ್ಲ."

"ಎಷ್ಟೊತ್ತು ಮಲಗಬೇಕ್ರೀ?"

"ಅರ್ಧಾ ತಾಸು. ಮ್ಯಾಲೆ ಸ್ವಲ್ಪ."

ಊಟಕ್ಕೂ ಅರ್ಧ ತಾಸು ಒಂದು ಕಡೆ ಕೂಡದ ಹುಡುಗಿ. ನಾನು ಕೇಳಿದೆ, "ಆಕಿಗೆ ಏನಂತ ಹೇಳೂಣ್ರೀ?"

ಡಾಕ್ಟರು ನಕ್ಕರು. "ಹುಡುಗ್ರಿಗೇನು ಹೇಳತೀರಿ ಬಾಯಾರ? ಏನೂ ಆಗಂಗಿಲ್ಲ ಅನ್ರಿ."

ಅಂದೆವು. ನಮ್ಮ ಮನೆಯವರು ಹೊರಗೆ ಬಂದು ಮಗಳ ತಲೆ ಸವರಿ, "ಏನೂ ಇಲ್ಲವಾ, ಫೋಟೋ ತಗೀತಾರಂತ, ಅಷ್ಟ" ಎಂದರು. ಹುಡುಗಿಯ ಮುಖ ಅರಳಿತು. ಸೋದರತ್ತೆಯ ಮದುವೆಯಲ್ಲಿ ಅವಳು ಗದಗಿನ ಸ್ಟುಡಿಯೋ ನೋಡಿದ್ದಳು. ಅಲ್ಲಿ ಕೆಂಪು ಕಾರು ಬರೆದ ಪರದೆ, ಮರದ ಟೆಲಿಫೋನು ಎಲ್ಲ ಇದ್ದವು. ಆಗ ಗುಂಪಿನಲ್ಲಿ ನಿಂತದ್ದರಿಂದ ಕಾರು ಇವಳ ಪಾಲಿಗೆ ಬಂದಿರಲಿಲ್ಲ.

"ಅಪ್ಪಾ, ಈ ಸಲ ನಾ ಒಬ್ಬಾಕೇನಾ?"

"ನೀ ಒಬ್ಬಾಕೆ."

"ಕಾರಿನ ಪರದೀ ಮುಂದ?"

ಗಂಡಸರು ಇಂಥ ಹೊತ್ತಿನಲ್ಲಿ ಎಷ್ಟು ಧೈರ್ಯವಂತರು ಎಂದರೆ, "ಹೂಂ" ಎಂದು ಹೇಳಿ ಚಹಾ ಕುಡಿಯಲು ಹೋಗಿಬಿಟ್ಟರು.

ಮುಂದಿನ ವಾರ ಫೋಟೋಕ್ಕೆ ಕರೆದ ದಿನ ಅತ್ತೆಯವರು ಮೊಮ್ಮಗಳನ್ನು ಶೃಂಗಾರ ಮಾಡಿದ ಚಂದ ಹೇಳತೀರದು. ಜರಿಯ ಅಂಗಿ, ಎರಡು ಜಡೆ, ಕೆಂಪು ರಿಬ್ಬನ್ನು, ಮುಖಕ್ಕೆ ಪೌಡರು, ಸೊಂಟಕ್ಕೆ ಬೆಳ್ಳಿಯ ಉಡದಾರ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ತವರಿನ ದಾರ, ರಟ್ಟೆಯಲ್ಲಿ ದರ್ಗಾದ ತಾಯಿತ. ಬಸ್ಸಿನಲ್ಲಿ ಕಂಡವರೆಲ್ಲ, "ಯಾರ ಮದವಿಗ್ರೀ?" ಎಂದು ಕೇಳಿದರು. "ಫೋಟೋ ತೆಗಸಾಕ" ಎಂದು ಹುಡುಗಿಯೇ ಹೇಳಿದಳು. ಮುಳಗುಂದ ದಾಟುವವರೆಗೂ ತುಟಿ ಮುಚ್ಚಿ ನಗುವುದೋ ಹಲ್ಲು ಕಾಣಿಸುವುದೋ ಎಂದು ಕಿಟಕಿಯ ಗಾಜಿನಲ್ಲಿ ನೋಡಿಕೊಳ್ಳುತ್ತಿದ್ದಳು.

ಎಕ್ಸ್‌ರೇ ಕೋಣೆಯಲ್ಲಿ ಕಾರೂ ಇರಲಿಲ್ಲ, ಪರದೆಯೂ ಇರಲಿಲ್ಲ. ಒಂದು ಪರದೆ ಇತ್ತು ಅನ್ನಿ, ಕಿಟಕಿಗೆ ಹೊಡೆದ ಕರಿ ಅರಿವೆ. ನಡುವೆ ಕಬ್ಬಿಣದ ಮೇಜು. ಅದರ ಮೇಲೆ ತಲೆ ಬಗ್ಗಿಸಿ ನಿಂತ ದೊಡ್ಡ ಯಂತ್ರ. ಪಕ್ಕದಲ್ಲಿ ಎಕ್ಸ್‌ರೇ ತೆಗೆಯುವವರು. ಅವರಿಗೆ ಜಗತ್ತಿನಲ್ಲಿ ಯಾರ ಮೇಲೂ ವಿಶ್ವಾಸವಿರಲಿಲ್ಲ, ಕರೆಂಟಿನವರ ಮೇಲಂತೂ ಇರಲೇ ಇಲ್ಲ.

"ಅಂಗಿ ತಗೀರಿ. ಕೊಳ್ಳಾಗಿಂದೆಲ್ಲಾ ತಗೀರಿ. ಉಡದಾರ ತಗೀರಿ. ಏನ್ರೀ ಇದು, ದವಾಖಾನಿಗೆ ಬಂದೀರೋ ಬೆಳ್ಳಿ ಮಾರಾಕ ಬಂದೀರೋ?"

ಉಡದಾರ ತೆಗೆದೆ. ತಾಯಿತ, ದಾರ ತೆಗೆದೆ. ಲಿಂಗಕ್ಕೆ ಕೈ ಹಾಕಿದಾಗ ಅತ್ತೆಯವರು ನನ್ನ ಮಣಿಕಟ್ಟು ಹಿಡಿದರು. ನಮ್ಮಲ್ಲಿ ಹುಟ್ಟಿದಾಗ ಕಟ್ಟಿದ ಲಿಂಗವನ್ನು ಮೈಯಿಂದ ಬೇರೆ ಮಾಡುವುದಿಲ್ಲ. ಅದು ನನಗೂ ಗೊತ್ತು, ನನ್ನ ಎದೆಯ ಮೇಲೂ ಅದೇ ಇದೆ. ಆದರೆ ಗೊತ್ತಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕೆಂದಿಲ್ಲ. ಅತ್ತೆಯವರು ಹೇಳಿದರು.

"ಲಿಂಗ ತಗದ್ರ ಹುಡುಗಿ ಹೆಣ ಆದಂಗಲೇ! ಜೀವಂತ ಇದ್ದಾಗ ಯಾರರ ಲಿಂಗ ತಗೀತಾರೇನು?"

ಅಲ್ಲಿಯವರೆಗೆ ನಾವೆಲ್ಲ ಸೇರಿ ಎಚ್ಚರದಿಂದ ಮುಚ್ಚಿಟ್ಟಿದ್ದ ಒಂದೇ ಒಂದು ಶಬ್ದವನ್ನು ಅತ್ತೆಯವರು ಎತ್ತಿ ಆ ಮೇಜಿನ ಮೇಲಿಟ್ಟರು. ಹುಡುಗಿ ಯಂತ್ರ ನೋಡಿದಳು, ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕೂಗಿದ ಕೂಗು ಪಕ್ಕದ ಬೆಟಗೇರಿಗೆ ಕೇಳಿಸಿರಬೇಕು. ನಾವು ಮೂವರು ಹಿಡಿದೆವು. ಒದ್ದಳು, ಕಚ್ಚಿದಳು, ಮೇಜಿನ ಕೆಳಗೆ ಸೇರಿದಳು. ಹೇಗೋ ಮಲಗಿಸಿ ಮೊದಲ ಒಂದು ಫೋಟೋ ಹೊಡೆದರು. ತೊಳೆದು ತಂದು ಬೆಳಕಿಗೆ ಹಿಡಿದು ಎಕ್ಸ್‌ರೇಯವರು ನಮಗೂ ತೋರಿಸಿದರು. ಎಲ್ಲಾ ಮಸುಕು.

"ಇದು ಹೊಟ್ಟಿ ಫೋಟೋ ಅಲ್ರೀ, ಓಡೋ ಕುದರೀ ಫೋಟೋ" ಎಂದರು. "ಇನ್ನ ಸೂಜಿ ಬ್ಯಾರೆ ಬಾಕಿ ಐತಿ. ಬಣ್ಣದ ಔಷಧ ಹುಬ್ಬಳ್ಳಿಯಿಂದ ಬರೋದು. ಹಿಂಗ ಕುಣಿಯಾಕಿಗೆ ಚುಚ್ಚಿ ಅದನ್ನ ಯಾಕ ಹಾಳ ಮಾಡಲಿ? ಹುಡುಗೀನ್ನ ಸಜ್ಜ ಮಾಡಿ ಬರ್ರಿ."

ಡಾಕ್ಟರು ಈಗ ನಗಲಿಲ್ಲ. ಮತ್ತಿನ ಔಷಧ ಕೊಟ್ಟು ಮಲಗಿಸಿ ತೆಗೆಯುವ ಅನುಕೂಲ ಆ ದವಾಖಾನೆಯಲ್ಲಿ ಇಲ್ಲವೆಂದರು. ಗಂಟು ನಮಗಾಗಿ ಕಾಯುವುದಿಲ್ಲವೆಂದರು. ಮುಂದಿನ ವಾರ ಇನ್ನೊಮ್ಮೆ ನೋಡೋಣ, ಆಗದಿದ್ದರೆ ಏನು ಮಾಡುವುದೋ ತಮಗೂ ತಿಳಿಯದು ಎಂದರು. ಏನೂ ಆಗಂಗಿಲ್ಲ ಎಂದ ಮೇಲೆ ಆ ಡಾಕ್ಟರು ನಮಗೆ ಹೇಳಿದ ಮೊದಲ ಖರೆ ಮಾತು ಅದು. ಸುಳ್ಳಿಗಿಂತ ಹಿಡಿದುಕೊಳ್ಳಲು ಗಟ್ಟಿಯಾಗಿತ್ತು.

ಆ ವಾರ ಬೆಟಗೇರಿಯಲ್ಲಿ ನಾದಿನಿಯ ಮನೆಯಲ್ಲಿ ಉಳಿದೆವು. ಅವರದು ಸೀರೆ ನೇಯುವ ಮನೆ. ಹಜಾರದಲ್ಲೇ ಕುಣಿಮಗ್ಗ. ಇಡೀ ದಿನ ಖಟ್ ಖಟ್ ಸದ್ದು. ನಮ್ಮ ಮನೆಯವರು ಜಿನ್ನಿನ ಕೆಲಸವೆಂದು ಲಕ್ಷ್ಮೇಶ್ವರಕ್ಕೆ ಹೋದರು. ಹತ್ತಿ ಅವರಿಲ್ಲದೆ ಬೀಜ ಬಿಡುವುದಿಲ್ಲವಂತೆ.

ಸುದ್ದಿ ತಿಳಿದು ನೋಡಲು ಬಂದವರಿಗೆ ಲೆಕ್ಕವಿಲ್ಲ. ಬಾಳೆಹಣ್ಣು ತಂದರು, ಬಿಸ್ಕೀಟು ತಂದರು, ಒಬ್ಬೊಬ್ಬರು ಒಂದೊಂದು ಸುಳ್ಳು ತಂದರು. ಸೂಜಿ ಇರುವೆ ಕಚ್ಚಿದ ಹಾಗೆ ಎಂದರು ಒಬ್ಬರು. ಯಂತ್ರ ಮುಟ್ಟುವುದೂ ಇಲ್ಲ ಎಂದರು ಇನ್ನೊಬ್ಬರು. ಹೊಂಬಳದಿಂದ ಬಂದ ಅತ್ತೆಯವರ ತಂಗಿ, "ಡಾಕ್ಟರು ನಿನಗ ಗೊಂಬಿ ಕೊಡತಾರ" ಎಂದು ಹೇಳಿ, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ, "ನಮ್ಮೂರಾಗೂ ಒಂದು ಹುಡುಗಗ ಹಿಂಗ ಆಗಿತ್ತವಾ..." ಎಂದು ಕಣ್ಣೊರೆಸಿಕೊಂಡರು. ಮಕ್ಕಳಿಗೆ ಕಿವಿ ಇರುವುದು ಜೋತುಬೀಳುವ ಲೋಲಾಕು ಹಾಕಲು ಮಾತ್ರ ಎಂದು ಅವರು ತಿಳಿದಿದ್ದರು.

ಹುಡುಗಿ ಯಾರೊಡನೆಯೂ ಮಾತಾಡಲಿಲ್ಲ. ನನ್ನ ಕೈಯಿಂದ ಹಾಲು ಕುಡಿಯಲಿಲ್ಲ, ಅದರಲ್ಲಿ ಔಷಧ ಹಾಕಿರುತ್ತೇವೆಂದು. ರೊಟ್ಟಿಯನ್ನು ಬಿಡಿಸಿ ಒಳಗೆ ನೋಡಿ ತಿನ್ನುತ್ತಿದ್ದಳು. ಎರಡನೆಯ ದಿನ ಮಧ್ಯಾಹ್ನ ಮಗ್ಗದ ಪಕ್ಕದ ಕಂಬಕ್ಕೆ ಒರಗಿ ಕುಳಿತಿದ್ದವಳು ಕೇಳಿದಳು.

"ಅವ್ವಾ, ಫೋಟೋ ತಗಿಯವರು ನಗು ಅಂತಾರ. ಇವರ್ಯಾಕ ಅಳಬ್ಯಾಡ ಅಂತಾರ?"

ಜೋಳ ಹಸನು ಮಾಡುತ್ತಿದ್ದ ಮೊರವನ್ನು ನಾನು ಕೆಳಗಿಟ್ಟೆ.

"ನಾ ಸಾಯ್ತೀನೇನು?"

ಮಗ್ಗದ ಸದ್ದು ನಿಂತಿತು. ನಾದಿನಿ ಲಾಳಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಏನೂ ಆಗಂಗಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತ್ತು, ಕರೆಯದೆ ಬರುವ ಬೀಗರ ಹಾಗೆ. ನುಂಗಿದೆ.

"ನನಗ ಗೊತ್ತಿಲ್ಲವಾ. ನಿನ್ನ ಹೊಟ್ಟ್ಯಾಗ ಕೆಟ್ಟ ಗಂಟು ಐತಿ. ಅದನ್ನ ತಗೀಲಿಲ್ಲಂದ್ರ ಸಾಯೋ ಹಂಗ ಆಗ್ತೈತಿ. ತಗೀಬೇಕಂದ್ರ ಮೊದಲ ಅದು ಎಲ್ಲೈತಿ ಅಂತ ನೋಡಬೇಕು. ನೋಡಬೇಕಂದ್ರ ನೀ ಅಲಗಾಡದ ಮಲಗಬೇಕು. ನೀ ಸಾಯಬಾರದು ಅಂತನ ಇಷ್ಟೆಲ್ಲಾ."

ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. "ಕಾರಿನ ಪರದೀ?" ಎಂದಳು.

"ಇಲ್ಲ. ಅದು ಸುಳ್ಳು."

"ಇರವಿ ಕಚ್ಚಿದಂಗ?"

"ಅದೂ ಸುಳ್ಳಿರಬೇಕು. ಕೇಳಿ ಬಂದು ಹೇಳ್ತೀನಿ."

"ಖರೇನ ಕೇಳಿ ಬಾ" ಎಂದಳು. ಆಮೇಲೆ ಹಾಲು ತರಲು ಹೇಳಿದಳು. ಲೋಟ ಖಾಲಿಯಾಯಿತು. ಆ ದಿನಕ್ಕೆ ಅಷ್ಟು ದಯೆ ಸಾಕಾಗಿತ್ತು.

ಮರುದಿನ ನಾನೊಬ್ಬಳೇ ದವಾಖಾನೆಗೆ ಹೋದೆ. ಎಕ್ಸ್‌ರೇಯವರು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು, ಕರೆಂಟು ಹೋಗಿತ್ತು. ಒಳಗೆ ಏನೇನು ಮಾಡುತ್ತೀರಿ, ಮೊದಲಿಂದ ಹೇಳಿರೆಂದೆ.

"ನಿಮಗ್ಯಾಕ? ನೀವು ಎಕ್ಸ್‌ರೇ ಅಂಗಡಿ ತಗೀತೀರೇನು?"

"ಮಗಳಿಗೆ ಹೇಳಬೇಕ್ರೀ."

"ಹೇಳಿದ್ರ ಅಂಜತೈತಿ ಕೂಸು."

"ಹೇಳದ ಅಂಜಿದ್ದು ನೋಡೀರಲ್ರೀ. ಹೇಳಿ ಅಂಜಿದ್ದೂ ಒಂದು ಸಲ ನೋಡೂಣು."

ಅವರಿಗೆ ಮಾಡಲು ಬೇರೆ ಕೆಲಸವೂ ಇರಲಿಲ್ಲ. ಹೇಳತೊಡಗಿದರು. ಹಿಂದಿನ ಸಂಜೆ ಔಡಲೆಣ್ಣೆ ಕುಡಿಸಬೇಕು, ಹೊಟ್ಟೆ ಖಾಲಿಯಾಗಬೇಕು, ಬೆಳಿಗ್ಗೆ ಏನೂ ತಿನ್ನಬಾರದು. ಮೇಜು ತಣ್ಣಗಿರುತ್ತದೆ. ಬಲಗೈಗೆ ಸೂಜಿ, ಅದು ಇರುವೆಯಲ್ಲ, ನೋಯುತ್ತದೆ. ಔಷಧ ಒಳಗೆ ಹೋದ ಕೂಡಲೆ ಮೈಯೆಲ್ಲ ಬೆಚ್ಚಗಾಗುತ್ತದೆ, ತಾಮ್ರದ ತಂಬಿಗೆ ನೆಕ್ಕಿದ ಹಾಗೆ ಬಾಯಿ ಆಗುತ್ತದೆ, ವಾಂತಿ ಬಂದ ಹಾಗಾಗುತ್ತದೆ. ಹೊಟ್ಟೆಗೆ ಪಟ್ಟಿ ಬಿಗಿಯುತ್ತಾರೆ. ಯಂತ್ರ ಗುಂಯ್ ಎಂದು ಖಟ್ ಅನ್ನುತ್ತದೆ. ಅಷ್ಟು ಹೊತ್ತು ಉಸಿರು ಹಿಡಿಯಬೇಕು. ಆಮೇಲೆ ಕಾಯುವುದು, ಮತ್ತೆ ಖಟ್, ಮತ್ತೆ ಕಾಯುವುದು.

"ಮತ್ತ ಲಿಂಗ?" ಎಂದೆ.

"ಹೊಟ್ಟೀ ಮ್ಯಾಲೆ ಬಂತಂದ್ರ ಫೋಟೋದಾಗ ಅದ ಕಾಣತೈತಿ. ಹುಬ್ಬಳ್ಳಿಯವರು ಅದನ್ನೂ ಗಂಟಂತ ಕೊಯ್ಯಾಕ ಹೋದಾರು."

"ಎಡಗೈಯಾಗ ಹಿಡಕೊಂಡ್ರ? ಕೈ ತಲೀ ಬಾಜೂಕ ಇಟ್ಟು?"

"ನಾ ಹೊಟ್ಟಿ ಫೋಟೋ ತಗಿಯಾಂವರೀ. ಕೈಯಾಗ ಲಿಂಗರ ಹಿಡೀಲಿ, ಬೆಲ್ಲರ ಹಿಡೀಲಿ."

ಬೆಟಗೇರಿಗೆ ಹಾರಿಕೊಂಡು ಬಂದೆ. ಅಂಗೈಯಲ್ಲಿ ಲಿಂಗ ಹಿಡಿದರೆ ಮೈಯಿಂದ ಬೇರೆಯಾಗಲಿಲ್ಲ, ಶಾಸ್ತ್ರ ಕೆಡಲಿಲ್ಲ, ಫೋಟೋ ಕೆಡಲಿಲ್ಲ. ದಿನಾ ಪೂಜೆಯಲ್ಲಿ ಹಿಡಿಯುವುದೂ ಎಡ ಅಂಗೈಯಲ್ಲೇ. ನನ್ನ ಬುದ್ಧಿಗೆ ನಾನೇ ಶರಣು ಮಾಡುವಷ್ಟು ಹಿಗ್ಗಿದ್ದೆ. ಅತ್ತೆಯವರೂ ಸ್ವಲ್ಪ ಹೊತ್ತು ತಕರಾರು ಹುಡುಕಿ, ಸಿಗದೆ, ಸುಮ್ಮನಾದರು. ಮಗಳಿಗೆ ಎಲ್ಲವನ್ನೂ ಹೇಳಿದೆ. ಸೂಜಿ, ತಾಮ್ರದ ಬಾಯಿ, ಪಟ್ಟಿ, ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡಳು. "ಆಮ್ಯಾಲೆ ನೀ ಎಡಗೈಯಾಗ ಲಿಂಗ ಹಿಡಕೊಂಡು ಮಲಕೊಳ್ಳಾಕಿ" ಎಂದೆ.

ಅವಳು ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಅಜ್ಜನಂಗ?"

ಹಿಂದಿನ ವರ್ಷ ನಮ್ಮ ಮಾವನವರು ತೀರಿಕೊಂಡಿದ್ದರು. ಕುಣಿಗೆ ಇಳಿಸುವ ಮುಂಚೆ ಅವರ ಎಡ ಅಂಗೈಯಲ್ಲಿ ಲಿಂಗ ಇಟ್ಟದ್ದನ್ನು ಇವಳು ಜನರ ಕಾಲುಗಳ ಸಂದಿಯಿಂದ ನೋಡಿದ್ದಳು. ಮಕ್ಕಳು ನೋಡಬಾರದೆಂದು ಎಲ್ಲರೂ ಹೇಳಿದ್ದರು, ಯಾರೂ ಒಳಗೆ ಕರೆದುಕೊಂಡು ಹೋಗಿರಲಿಲ್ಲ. ಮಗಳ ಅಂಜಿಕೆ ಬಿಡಿಸುವ ಉಪಾಯವೆಂದು ನಾನು ಹೊತ್ತು ತಂದದ್ದು ಸಾವಿನ ಗುರುತನ್ನೇ. ಅಷ್ಟು ಚೆಂದದ ಬುದ್ಧಿ ನನ್ನದು.

"ಹಂಗಲ್ಲವಾ, ಅಜ್ಜನ್ದು ಬ್ಯಾರೆ..." ಎಂದು ಶುರು ಮಾಡಿದೆ. ಬೇರೆ ಹೇಗೆಂದು ಹೇಳಲು ಬರಲಿಲ್ಲ. ಅತ್ತೆಯವರ ಮುಂದೆ ಮಾವನವರ ಹೆಣದ ಮಾತು ಹೇಗೆ ಆಡುವುದು? ಹುಡುಗಿ ಕಂಬದ ಹಿಂದೆ ಸರಿದಳು. ನಾದಿನಿ ಕಣ್ಣಿಗೆ ಸೆರಗು ಒತ್ತಿದಳು.

ಆಗ ಅತ್ತೆಯವರು ಎದ್ದರು. ಗೋಡೆಗೆ ಒರಗಿಸಿದ್ದ ಉದ್ದನೆಯ ಹಲಗೆಯನ್ನು ತಾವೇ ಎಳೆದು ನೆಲಕ್ಕೆ ಹಾಕಿದರು. ಸೆರಗು ಸರಿ ಮಾಡಿಕೊಂಡು, "ಹೇ ಶಿವನೇ" ಎಂದು ನರಳುತ್ತ ಅದರ ಮೇಲೆ ಅಂಗಾತ ಮಲಗಿದರು. ಕೊರಳ ಕರಡಿಗೆ ಬಿಚ್ಚಿ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು ಕೈಯನ್ನು ತಲೆಯ ಪಕ್ಕಕ್ಕೆ ಚಾಚಿದರು. ಮಲಗಿ ಲಿಂಗ ಹಿಡಿಯುವುದು ಯಾವ ಪೂಜೆಯಲ್ಲೂ ಇಲ್ಲ. ಮಿಂದು ಮಡಿಯಾಗದೆ ನೀರು ಕುಡಿಯದ ಹೆಂಗಸು ಅವರು.

"ಬಾ ಇಲ್ಲೆ. ನೋಡು" ಎಂದರು.

ಹುಡುಗಿ ಕಂಬದ ಹಿಂದಿನಿಂದ ಇಣುಕಿದಳು.

"ನಿಮ್ಮಜ್ಜಗ ಲಿಂಗ ಮಂದಿ ಇಟ್ರು. ನಾ ನಾನ ಹಿಡಕೊಂಡೀನಿ. ನಿಮ್ಮಜ್ಜ ಕಣ್ಣ ಮುಚ್ಚಿದ್ದ. ನಾ ಲಿಂಗ ನೋಡಾಕತ್ತೀನಿ. ನೋಡಾಕಿ ಎಲ್ಯರ ಸತ್ತಿರತಾಳೇನು?"

"ನೀ ಸುಳ್ಳ ಹೇಳ್ತಿ."

"ಸತ್ತವರು ಹಿಂಗ ಮಾಡತಾರೇನು?" ಎಂದು ಅತ್ತೆಯವರು ನಾಲಿಗೆ ಹೊರಗೆ ಚಾಚಿ ಕಣ್ಣು ಗುಡ್ಡೆ ತಿರುಗಿಸಿದರು.

ಅಷ್ಟು ವರ್ಷದಲ್ಲಿ ನಮ್ಮ ಅತ್ತೆಯವರ ನಾಲಿಗೆಯ ಮಾತು ಬೇಕಾದಷ್ಟು ಕೇಳಿದ್ದೆ. ನಾಲಿಗೆಯನ್ನು ನೋಡಿದ್ದು ಅವತ್ತೇ ಮೊದಲು. ಹುಡುಗಿ ಕಿಸಕ್ಕನೆ ನಕ್ಕಳು. ದವಾಖಾನೆಯಿಂದ ಬಂದ ಮೇಲೆ ಮೊದಲ ನಗು ಅದು.

"ನಗಬ್ಯಾಡ, ಫೋಟೋ ತಗಿ. ನನ್ನ ಟೊಂಕ ಹಿಡಿಯಾಕತ್ತೈತಿ" ಎಂದರು ಅತ್ತೆಯವರು.

ಅವಳು ತೆಗೆದಳು. ಆ ದಿನವೂ ಮರುದಿನವೂ ತೆಗೆದಳು. ಮಗ್ಗವೇ ಯಂತ್ರವಾಯಿತು. ನಾದಿನಿ ಮಗ್ಗ ನಿಲ್ಲಿಸಿ ಬಾಯಿಯಿಂದ ಗುಂಯ್ ಅನ್ನಬೇಕು, ಅಜ್ಜಿ ಉಸಿರು ಹಿಡಿಯಬೇಕು, ಲಾಳಿ ಖಟ್ ಎಂದು ಬಡಿದಾಗ ಬಿಡಬೇಕು. ಅತ್ತೆಯವರ ಸೊಂಟಕ್ಕೆ ನನ್ನ ಹಳೆಯ ಸೀರೆಯ ಪಟ್ಟಿ ಬಿಗಿದಳು. ಕಸಬರಿಗೆಯ ಹಂಚಿಕಡ್ಡಿಯಿಂದ ಬಲಗೈಗೆ ಚುಚ್ಚಿದಳು, ಇರುವೆಯ ಹಾಗಲ್ಲ, ಖರೆ ಹೇಳಿದ್ದೇನಲ್ಲ, ಹಾಗೇ ಚುಚ್ಚಿದಳು. "ಅಯ್ಯಯ್ಯೋ ನಿನ್ನ" ಎಂದು ಅತ್ತೆಯವರು ಎದ್ದರೆ, "ಇದು ಹೊಟ್ಟಿ ಫೋಟೋ ಅಲ್ರೀ, ಓಡೋ ಕುದರೀ ಫೋಟೋ! ಹುಡುಗೀನ್ನ ಸಜ್ಜ ಮಾಡಿ ಬರ್ರಿ" ಎಂದು ನನ್ನ ಕಡೆ ತಿರುಗಿ ಬೈಯುತ್ತಿದ್ದಳು. ಅತ್ತೆಯವರನ್ನು ಸಜ್ಜು ಮಾಡುವ ಕೆಲಸ ನನಗೆ! ಶಿವ ಕೆಲವು ದಯೆಗಳನ್ನು ತಡಮಾಡಿಯೇ ಕೊಡುತ್ತಾನೆ.

ಅಜ್ಜಿಯ ಹೊಟ್ಟೆಯ ಫೋಟೋ ಸಾಕಷ್ಟು ತೆಗೆದ ಮೇಲೆ, ಯಾರೂ ಹೇಳದೆ, ಅವಳೇ ಹಲಗೆಯ ಮೇಲೆ ಮಲಗಿದಳು. "ಈಗ ನೀವು ತಗೀರಿ" ಎಂದಳು. ಎಡ ಅಂಗೈಯಲ್ಲಿ ಲಿಂಗ. ಕತ್ತು ಅತ್ತ ತಿರುಗಿಸಿ ಅದನ್ನೇ ನೋಡುತ್ತ ಮಲಗಿದವಳ ಹೊಟ್ಟೆ ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಗುಂಯ್ ಎಂದಾಗ ಅದೂ ನಿಂತಿತು. ಅಂಗಿಯ ಕೆಳಗೆ ಎಡಗಡೆಯ ಉಬ್ಬು ಎದ್ದು ಕಾಣುತ್ತಿತ್ತು. ಲಾಳಿ ಬಡಿಯಲು ನಾದಿನಿ ಮರೆತಳು. "ಅತ್ತೀ, ಖಟ್ ಅನಸು!" ಎಂದು ಹುಡುಗಿ ಹಲ್ಲು ಕಚ್ಚಿ ಗದರಿದಳು.

ಫೋಟೋದ ಹಿಂದಿನ ಸಂಜೆ ಔಡಲೆಣ್ಣೆ ಎದುರಿಗೆ ಬಂತು. ಇದು ಪೆಪ್ಪರಮಿಂಟು ಎಂದು ಹೇಳಲು ಪಕ್ಕದ ಮನೆಯವಳೊಬ್ಬಳು ಉತ್ಸಾಹದಿಂದ ಬಂದಿದ್ದಳು. "ಇದು ಭಾಳ ಕೆಟ್ಟೈತಿ. ಕುಡದ ಮ್ಯಾಲೆ ಹಿತ್ತಲಕ್ಕ ಓಡಬೇಕಾಗ್ತೈತಿ. ನಾಳೆ ಶಿವರಾತ್ರಿ ಇದ್ದಂಗ, ಉಪವಾಸ" ಎಂದೆ. ಮೂಗು ಹಿಡಿದು ಕುಡಿದಳು. "ನೀನೂ ಉಪವಾಸ ಇರತೀಯೇನು?" ಎಂದು ಕೇಳಿದಳು. ಹೂಂ ಎಂದೆ. "ಅಜ್ಜಿನೂ?" ಅಜ್ಜಿಗೆ ಉಪವಾಸ ಹೊಸದಲ್ಲ. "ಅಪ್ಪ?" ಅಪ್ಪ ಅವತ್ತು ಸಂಜೆಯ ಬಸ್ಸಿಗೆ ಬಂದಿದ್ದರು, ಆಗಲೇ ಊಟಕ್ಕೆ ಕುಳಿತಿದ್ದರು. ಕೈಯಲ್ಲಿದ್ದ ರೊಟ್ಟಿ ನೋಡಿಕೊಂಡು, "ನಾಳಿಂದ" ಎಂದರು.

ಬೆಳಿಗ್ಗೆ ಜರಿಯ ಅಂಗಿ ಇಲ್ಲ, ರಿಬ್ಬನ್ನು ಇಲ್ಲ. ಹಳೆಯ ಮೆತ್ತನೆಯ ಅಂಗಿ. ಉಡದಾರ, ತಾಯಿತ ಎಲ್ಲ ಅತ್ತೆಯವರ ಸೆರಗಿನ ಗಂಟಿನಲ್ಲಿ. ಬೆಳ್ಳಿಯ ಕರಡಿಗೆಯನ್ನೂ ಬಿಟ್ಟು ಬರಿಯ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿದ್ದೆವು. ಎಕ್ಸ್‌ರೇ ಕೋಣೆಗೆ ನನ್ನೊಬ್ಬಳನ್ನೇ ಬಿಟ್ಟರು, ಸೀಸದ ಭಾರದ ಅಂಗಿಯೊಂದನ್ನು ನನಗೂ ತೊಡಿಸಿದರು. ಹುಡುಗಿ ಮೇಜಿಗೆ ಕೈ ಹಚ್ಚಿ, "ಹೂಂ, ತಣ್ಣಗ ಐತಿ" ಎಂದು ಖಾತ್ರಿ ಮಾಡಿಕೊಂಡು ಹತ್ತಿದಳು. ವಸ್ತ್ರ ಬಿಚ್ಚಿ ಲಿಂಗ ಅಂಗೈಯಲ್ಲಿಟ್ಟುಕೊಂಡಳು.

"ಇವತ್ತ ಕುಣಿಯಂಗಿಲ್ಲೇನವಾ?" ಎಂದರು ಎಕ್ಸ್‌ರೇಯವರು.

"ನೀವು ಜಲ್ದಿ ಶುರು ಮಾಡ್ರಿ."

ಸೂಜಿ ಚುಚ್ಚಿದಾಗ ಕಣ್ಣಲ್ಲಿ ನೀರು ಬಂತು, ಕೈ ಕದಲಲಿಲ್ಲ. ಔಷಧ ಒಳಗೆ ಹೋಗುತ್ತಿದ್ದಾಗ ಡಾಕ್ಟರು ರೂಢಿಯಂತೆ "ಏನೂ ಆಗಂಗಿಲ್ಲ" ಎಂದರು. "ಆಗ್ತೈತ್ರೀ. ಮೊದಲ ಬೆಚ್ಚಗ, ಆಮ್ಯಾಲೆ ತಾಮ್ರ" ಎಂದು ಹುಡುಗಿ ಅವರಿಗೆ ತಿಳಿಸಿಕೊಟ್ಟಳು. ಒಂದು ಗಳಿಗೆಯ ಮೇಲೆ ನನ್ನ ಕಡೆ ನೋಡಿ, "ಬಂತು ತಾಮ್ರ" ಎಂದಳು. ಹೇಳಿದ್ದು ಹೇಳಿದ ಹಾಗೇ ಬಂದದ್ದಕ್ಕೆ ಅವಳಿಗೆ ವಾಂತಿಗಿಂತ ಸಮಾಧಾನವೇ ಹೆಚ್ಚು ಆದಂತೆ ಕಂಡಿತು. ಪಟ್ಟಿ ಬಿಗಿದರು. ಗುಂಯ್, ಖಟ್. ಕಾಯುವುದು. ಗುಂಯ್, ಖಟ್.

ಎಲ್ಲ ಹೇಳಿದ್ದೆ. ಒಂದನ್ನು ಹೇಳಿರಲಿಲ್ಲ. ಕರೆಂಟು ಹೋಯಿತು.

ಕರಿ ಅರಿವೆಯ ಕೋಣೆ ಗಪ್ಪನೆ ಕತ್ತಲಾಯಿತು. ಎಕ್ಸ್‌ರೇಯವರು ಕರೆಂಟಿನವರ ಹಿರಿಯರನ್ನೆಲ್ಲ ನೆನೆಸಿಕೊಂಡರು. ಮುಖ್ಯವಾದ ಫೋಟೋ ಇನ್ನೂ ಬಾಕಿ ಇತ್ತು. ಈಗ ಅವಳು ಎದ್ದರೆ ಎಲ್ಲ ಮೊದಲಿನಿಂದ, ಮತ್ತೆ ಔಷಧ ತರಿಸುವುದು, ಮತ್ತೆ ಸೂಜಿ. ಮತ್ತೊಮ್ಮೆ ಅವಳು ಈ ಮೇಜು ಹತ್ತುತ್ತಾಳೆಂದು ನಂಬಲು ನನ್ನ ಭಕ್ತಿಗೂ ಧೈರ್ಯವಿರಲಿಲ್ಲ.

"ಅವ್ವಾ."

"ಇಲ್ಲೇ ಅದೀನಿ. ಇದು ನನಗೂ ಗೊತ್ತಿದ್ದಿಲ್ಲ. ಕರೆಂಟ ಹೋಗೇತಿ. ಬಂದ ಮ್ಯಾಲೆ ಇನ್ನೊಂದು ಖಟ್ ಐತಿ."

"ಲಿಂಗ ಕಾಣವಲ್ದು."

ನೋಡುವವಳು ಸತ್ತಿರುವುದಿಲ್ಲ ಎಂದು ನಾವೇ ಕಲಿಸಿದ್ದೆವು. ಈಗ ನೋಡಲು ಆಗುತ್ತಿರಲಿಲ್ಲ.

"ಕೈಯಾಗ ಐತಿಲ್ಲ?"

"ಐತಿ."

"ನೀ ನೋಡಲಿಲ್ಲಂದ್ರೂ ಅದು ನಿನ್ನ ನೋಡತೈತಿ. ನಾ ದಿನಾ ಪೂಜಿಯೊಳಗ ಕಣ್ಣು ಮಿಟಕಸಂಗಿಲ್ಲೇನು? ಅಷ್ಟೊತ್ತು ಅದು ನೋಡಕೋತ ಇರತೈತಿ."

ಅದನ್ನು ಯಾರೂ ನನಗೆ ಕಲಿಸಿರಲಿಲ್ಲ. ಸಮಾಧಾನವೆಂದು ಹೇಳಲಿಲ್ಲ, ನನಗೆ ಹಾಗೇ ಅನಿಸುತ್ತಿತ್ತು, ಇಂದಿಗೂ ಅನಿಸುತ್ತದೆ. ಕತ್ತಲಲ್ಲಿ ಅವಳ ಉಸಿರು ಮಾತ್ರ ಕೇಳುತ್ತಿತ್ತು. ಮೇಜು ಕಿರುಗುಟ್ಟಲಿಲ್ಲ. ಹೊರಗೆ ಅತ್ತೆಯವರು "ಓಂ ನಮಃ ಶಿವಾಯ" ಎನ್ನುವ ಭರ ನೋಡಿದರೆ ಕರೆಂಟಿನ ತಂತಿಯನ್ನು ಬಾಯಿಂದಲೇ ಎಳೆಯುತ್ತಿದ್ದಾರೇನೋ ಎನಿಸುತ್ತಿತ್ತು. ಎಷ್ಟು ಹೊತ್ತೋ. ದೀಪ ಬಂತು. ಹುಡುಗಿ ಹೇಗಿದ್ದಳೋ ಹಾಗೇ ಇದ್ದಳು, ಕಣ್ಣು ಅಂಗೈಯ ಕಡೆ. "ಉಸುರು ಹಿಡಿ" ಎಂದರು ಎಕ್ಸ್‌ರೇಯವರು. ಈ ಸಲ ಅವರ ದನಿಯೂ ಮೆತ್ತಗಿತ್ತು. ಗುಂಯ್. ಖಟ್.

"ಆತವಾ. ಏಳು."

ಅವಳು ಏಳಲಿಲ್ಲ.

"ಏಳವಾ, ಮುಗೀತು."

"ತಡೀರಿ. ನಂದಿನ್ನೂ ಮುಗಿದಿಲ್ಲ."

ತೊಳೆಯಬೇಕಾದ ಫಿಲ್ಮಿನ ಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡು ಆ ಮನುಷ್ಯ ಕಾಯುತ್ತ ನಿಂತರು. ಹುಡುಗಿ ತನ್ನ ಪೂಜೆಯನ್ನು ತನಗೆ ತೃಪ್ತಿಯಾಗುವವರೆಗೆ ಮಾಡಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು, ವಸ್ತ್ರದಲ್ಲಿ ಕಟ್ಟಿಸಿಕೊಂಡು, ಆಮೇಲೆ ಮೇಜಿನ ಮೇಲೇ ವಾಂತಿ ಮಾಡಿದಳು. "ಇದನ್ನೂ ಮೊದಲ ಹೇಳಿದ್ರಿ" ಎಂದಳು ಅವರಿಗೆ.

ಫೋಟೋ ಸ್ಪಷ್ಟವಾಗಿ ಬಂದಿತ್ತು. ಡಾಕ್ಟರು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. ಬಲಗಡೆಯದು ಸುಲಿದ ಅವರೆಕಾಳಿನ ಹಾಗೆ ಬೆಳ್ಳಗೆ, ಚೆಂದಾಗಿ ಕಾಣುತ್ತಿತ್ತು. ಎಡಗಡೆಯದರ ವಿಷಯ ಬೇಡ. ಹುಬ್ಬಳ್ಳಿಯಲ್ಲಿ ಕೊಯ್ದು ತೆಗೆದರು. ಆಮೇಲೆ ಕೂದಲು ಉದುರುವ ಔಷಧ ಕೊಟ್ಟರು, ಕಿರಣ ಕೊಟ್ಟರು. ಆ ದಿನಗಳನ್ನು ಇಲ್ಲಿ ಬರೆಯುವುದಿಲ್ಲ. ಪ್ರತಿ ಸಲವೂ ಮೊದಲು ಕೇಳಿಕೊಂಡು ಬಂದು ಹೇಳುವುದು ನನ್ನ ಕೆಲಸ, ಮಲಗುವುದು ಅವಳ ಕೆಲಸ ಎಂದು ನಮ್ಮಲ್ಲಿ ಒಪ್ಪಂದವಾಗಿತ್ತು. ಉಳಿದುಕೊಂಡಳು. ಒಂದೇ ಅವರೆಕಾಳಿನ ಮೇಲೆ ಇಷ್ಟು ವರ್ಷ ನಡೆದಿದೆ.

ಆ ಫೋಟೋವನ್ನು ಅತ್ತೆಯವರು ಬಹಳ ದಿನ ದೇವರ ಮಾಡದಲ್ಲಿಟ್ಟಿದ್ದರು. ಬಂದವರಿಗೆಲ್ಲ ತೋರಿಸಿ, "ಲಿಂಗ ಹಿಡಕೊಂಡಿದ್ಲು, ಆದ್ರ ಇದ್ರಾಗ ಬಂದಿಲ್ಲ ನೋಡವಾ, ಆ ಯಂತ್ರಕ್ಕ ಅಷ್ಟೆಲ್ಲಾ ಎಲ್ಲಿ ಕಾಣತೈತಿ" ಎನ್ನುತ್ತಿದ್ದರು. ಹಲಗೆಯ ಮೇಲೆ ನಾಲಿಗೆ ಚಾಚಿದ ವಿಷಯವನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನಾನೂ ಅವರಿರುವವರೆಗೆ ಹೇಳಲಿಲ್ಲ.

ಕೂದಲು ಮತ್ತೆ ಬಂದ ಮೇಲೆ, ಎಂಬತ್ತರ ದಶಕ ಶುರುವಾಗಿತ್ತು, ನಮ್ಮ ಮನೆಯವರು ಅವಳನ್ನು ಗದಗಿನ ಸ್ಟುಡಿಯೋಗೆ ಕರೆದೊಯ್ದರು. ಹೂಂ ಎಂದು ಹೇಳಿದ್ದು ಅಷ್ಟು ದಿನ ಅವರನ್ನು ಕಚ್ಚುತ್ತಿತ್ತಂತೆ. ಜರಿಯ ಅಂಗಿ ಈಗ ಗಿಡ್ಡವಾಗಿತ್ತು. ಕೆಂಪು ಕಾರಿನ ಪರದೆ ಹಾಗೇ ಇತ್ತು. ಸ್ಟುಡಿಯೋದವನು ಕರಿ ಅರಿವೆಯೊಳಗೆ ತಲೆ ಹಾಕಿ, "ಅಲಗಾಡಬ್ಯಾಡವಾ, ಸ್ವಲ್ಪ ನಗು" ಎಂದ.

ಅವಳು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡಳು. ಆ ಫೋಟೋ ಈಗಲೂ ನಮ್ಮ ಪಡಸಾಲೆಯಲ್ಲಿದೆ. ಕೆಂಪು ಕಾರು ಅದರಲ್ಲಿ ಕಪ್ಪಗೆ ಬಂದಿದೆ. ಮುಂದೆ ನನ್ನ ಮಗಳು, ಕೆನ್ನೆ ತುಂಬ ಉಸಿರು ಹಿಡಿದುಕೊಂಡು, ಎಡ ಅಂಗೈ ಮೇಲೆ ಮಾಡಿ, ಅದನ್ನೇ ನೋಡುತ್ತ ನಿಂತಿದ್ದಾಳೆ.